ರಿವರ್ಸ್ ಸೆನ್ಸರ್ ಎಲ್ಲಿ ಕೈಕೊಡುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸದಾಗಿ ಕಾರು ತಗೊಂಡ ನೆಂಟರು, ಅಕ್ಕಪಕ್ಕದ ಮನೆಯವರು ನನ್ನನ್ನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಅವಸರದಲ್ಲಿರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಸೆನ್ಸರ್ ಕೂಗಿದರೆ ನಂಬಿ. ಸುಮ್ಮನಿದ್ದರೆ ನಂಬಬೇಡಿ. ಯಾಕೆ ಅನ್ನೋದು ಕೆಳಗಿದೆ.

ಈ ಸೆನ್ಸರ್ ಹಿಂದೆ ಇರೋದನ್ನು ನೋಡುತ್ತದಾ?

ನೋಡುವುದಿಲ್ಲ, ಕೇಳಿಸಿಕೊಳ್ಳುತ್ತದೆ. ಹಿಂದಿನ ಬಂಪರ್ ಮೇಲೆ ಒಂದು ರೂಪಾಯಿ ನಾಣ್ಯದಷ್ಟಗಲದ ಗುಂಡನೆಯ ಬಿಲ್ಲೆಗಳು ಕಾಣುತ್ತವಲ್ಲ, ಅವೇ ಸೆನ್ಸರ್. ರಿವರ್ಸ್ ಗೇರ್ ಹಾಕಿದ ಕೂಡಲೇ ಆ ಬಿಲ್ಲೆ ಅದುರಿ ಒಂದು ಸಣ್ಣ ಸದ್ದು ಮಾಡುತ್ತದೆ. ಸಾಮಾನ್ಯವಾಗಿ ಅದು 40ರಿಂದ 58 ಕಿಲೋಹರ್ಟ್ಜ್ ಸದ್ದು. ನಮ್ಮ ಕಿವಿಗೆ 20 ಕಿಲೋಹರ್ಟ್ಜ್ ದಾಟಿದ್ದು ಕೇಳಿಸುವುದಿಲ್ಲ. ಆ ಸದ್ದು ಹಿಂದಿರುವ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಹೋಗಿ ಬರಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದರಿಂದ ದೂರ ಲೆಕ್ಕ ಹಾಕುತ್ತದೆ. ಗೋಡೆ ಒಂದು ಮೀಟರ್ ದೂರದಲ್ಲಿದ್ದರೆ ಸುಮಾರು 6 ಮಿಲಿಸೆಕೆಂಡ್ ಸಾಕು.

ಬಾವಿಯೊಳಗೆ ಬಗ್ಗಿ ಕೂಗಿದರೆ ದನಿ ತಿರುಗಿ ಬರುತ್ತದೆ. ಬಯಲಿನಲ್ಲಿ ನಿಂತು ಕೂಗಿದರೆ ಬರುವುದಿಲ್ಲ. ಸೆನ್ಸರ್ ಕಥೆಯೂ ಇಷ್ಟೇ. ಸದ್ದು ತಿರುಗಿ ಬರದೇ ಇದ್ದರೆ ಅದರ ಪಾಲಿಗೆ ಹಿಂದೆ ಬಯಲು. ಅಲ್ಲಿ ನಿಜವಾಗಿ ಬಯಲಿದೆಯೋ, ಸದ್ದನ್ನು ನುಂಗಿದ ವಸ್ತು ಇದೆಯೋ, ಬೇರೆ ಕಡೆಗೆ ಚಿಮ್ಮಿಸಿದ ವಸ್ತು ಇದೆಯೋ, ಅದಕ್ಕೆ ಗೊತ್ತಾಗುವುದಿಲ್ಲ.

ಸರ್ಕಾರವೇ ಕಡ್ಡಾಯ ಮಾಡಿದೆ. ಅಂದಮೇಲೆ ಪೂರ್ತಿ ನಂಬಬಹುದು ಅಲ್ವಾ?

ಕಡ್ಡಾಯ ಆಗಿರುವುದು ನಿಜ. ಎಐಎಸ್-145 ಅನ್ನುವ ಮಾನದಂಡದ ಪ್ರಕಾರ 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ತಯಾರಾಗುವ ಹೊಸ ಕಾರುಗಳಿಗೆಲ್ಲ ಹಿಂದಿನ ಪಾರ್ಕಿಂಗ್ ಸೆನ್ಸರ್ ಇರಲೇಬೇಕು. ಡ್ರೈವರ್ ಕಡೆಯ ಏರ್‌ಬ್ಯಾಗ್, ಸೀಟ್ ಬೆಲ್ಟ್ ನೆನಪಿಸುವ ಸದ್ದು, 80 ದಾಟಿದರೆ ಕೂಗುವ ಸ್ಪೀಡ್ ಅಲರ್ಟ್, ಇವೂ ಅದರ ಜೊತೆಗೇ ಬಂದವು. ತುಂಬಾ ಒಳ್ಳೆ ಕೆಲಸ. ಆದರೆ ಸೀಟ್ ಬೆಲ್ಟ್ ಅಲರ್ಟ್ ನಿಮಗೆ ಬೆಲ್ಟ್ ಹಾಕಿಸುವುದಿಲ್ಲ, ಬರೀ ನೆನಪಿಸುತ್ತದೆ. ಸೆನ್ಸರ್ ಕೂಡ ಹಾಗೇ. ಕಾರನ್ನು ಅದು ನಿಲ್ಲಿಸುವುದಿಲ್ಲ.

ಹಿಂದೆ ಗಾಡಿ ನಿಂತಿತ್ತು, ಆದರೂ ಸೆನ್ಸರ್ ಕೂಗಲಿಲ್ಲ. ಕೆಟ್ಟಿದೆಯಾ?

ಕೆಟ್ಟಿರಬೇಕು ಅಂತೇನಿಲ್ಲ. ನನಗೇ ಆದದ್ದು ಹೇಳುತ್ತೇನೆ.

ಅಕ್ಕನ ಮನೆ ಕಟ್ಟುವ ಕೆಲಸ ನಡೆಯುತ್ತಿತ್ತು. ಸಂಜೆ ನೋಡಿಕೊಂಡು ಹೊರಡುವಾಗ ಕಾರಿನ ಹಿಂದೆ ಒಂದು ಸಣ್ಣ ಗೂಡ್ಸ್ ಗಾಡಿ ಬಂದು ನಿಂತಿತ್ತು. ಅದರ ತುಂಬ ಕಬ್ಬಿಣದ ಸರಳು. ಗಾಡಿಗಿಂತ ಐದಾರು ಅಡಿ ಹೊರಗೆ ಚಾಚಿಕೊಂಡಿದ್ದವು. ತುದಿಗೆ ಕಟ್ಟಿದ ಕೆಂಪು ಬಟ್ಟೆ ಮಬ್ಬುಗತ್ತಲಲ್ಲಿ ನನಗೆ ಕಾಣಲಿಲ್ಲ. ರಿವರ್ಸ್ ಹಾಕಿದೆ. ಸೆನ್ಸರ್ ಸುಮ್ಮನಿತ್ತು. ಒಂದು ಬೀಪ್ ಕೂಡ ಇಲ್ಲ. ಇನ್ನೂ ಜಾಗ ಇದೆ ಅಂದುಕೊಂಡು ಬಿಟ್ಟೆ. ಢಬ್ ಅಂತ ಸದ್ದಾಯಿತು. ಹಿಂದಿನ ಗಾಜು ಕಲ್ಲುಸಕ್ಕರೆ ಚೂರಿನ ಹಾಗೆ ಸೀಟಿನ ತುಂಬ ಉದುರಿತು. ದಿನಾ ಅದೇ ಸೀಟಿನಲ್ಲಿ ಕೂರುವ ಮಗ ಅವತ್ತು ಮುಂದೆ ಕೂತಿದ್ದ. ಅದೊಂದು ಪುಣ್ಯ.

ಇಳಿದು ಟೇಪ್ ಹಿಡಿದು ನೋಡಿದೆ. ಸೆನ್ಸರ್ ಇರೋದು ನೆಲದಿಂದ ಒಂದೂಮುಕ್ಕಾಲು ಅಡಿ ಎತ್ತರದಲ್ಲಿ. ಸರಳಿನ ತುದಿ ಇದ್ದದ್ದು ಮೂರೂವರೆ ಅಡಿಯಲ್ಲಿ. ಸೆನ್ಸರ್ ಕಳಿಸಿದ ಸದ್ದು ಸರಳುಗಳ ಕೆಳಗಿನಿಂದಲೇ ಹಾದು ಹೋಗಿದೆ. ಗೂಡ್ಸ್ ಗಾಡಿಯ ಮೈ ಇನ್ನೂ ದೂರ ಇತ್ತು. ಸೆನ್ಸರ್ ಲೆಕ್ಕದಲ್ಲಿ ಅದು ತಪ್ಪೇ ಮಾಡಿಲ್ಲ.

ಹೀಗೆ ಮೇಲಿನಿಂದ ಚಾಚಿಕೊಂಡಿರುವ ಯಾವುದನ್ನೂ ಅದು ಹಿಡಿಯದೇ ಹೋಗಬಹುದು. ಲಾರಿಯ ಹಿಂಭಾಗದ ಹಲಗೆ, ಟ್ರ್ಯಾಕ್ಟರ್ ಟ್ರೇಲರ್‌ನಿಂದ ಹೊರಗೆ ಬಂದ ಕಬ್ಬು, ಅಂಗಡಿ ಮುಂದಿನ ತಗಡಿನ ಚಾವಣಿ, ಅರ್ಧ ಎಳೆದ ಶಟರ್, ಹೊರಗೆ ಬಾಗಿದ ಮರದ ಕೊಂಬೆ. ಮಂಡ್ಯದ ಕಡೆ ಕಬ್ಬು ಸಾಗಿಸುವ ಕಾಲದಲ್ಲಿ ರಸ್ತೆ ಬದಿ ನಿಲ್ಲಿಸುವವರು ಇದನ್ನು ಮರೆಯಬೇಡಿ. ಕಾರಿನ ಹಿಂದೆ ಲೋಡ್ ಗಾಡಿ ನಿಂತಿದ್ದರೆ ಇಳಿದು ನೋಡಿಯೇ ರಿವರ್ಸ್ ಹಾಕಿ.

ಮೊದಲು ಕೂಗಿತು, ಹತ್ತಿರ ಹೋದಾಗ ನಿಂತುಹೋಯಿತು. ಅಡ್ಡಿ ಹೋಯಿತು ಅಂತಲಾ?

ಅಲ್ಲ! ಇದೇ ಎಲ್ಲಕ್ಕಿಂತ ಅಪಾಯ. ದಯವಿಟ್ಟು ಇದನ್ನು ಸರಿಯಾಗಿ ಓದಿ.

ಸೆನ್ಸರ್‌ನ ಸದ್ದು ಟಾರ್ಚ್ ಬೆಳಕಿನ ಹಾಗೆ ಹರಡಿಕೊಂಡು ಹೋಗುತ್ತದೆ. ದೂರದಲ್ಲಿ ಅಗಲ, ಬಂಪರ್ ಹತ್ತಿರ ಕಿರಿದು. ಫುಟ್‌ಪಾತ್ ಅಂಚಿನ ಕಲ್ಲು, ಮೋಟು ಕಂಬ, ಗೇಟಿನ ಹತ್ತಿರ ಹುಗಿದ ಕಲ್ಲು, ಇವು ಒಂದು ಮೀಟರ್ ದೂರದಲ್ಲಿದ್ದಾಗ ಆ ಹರವಿನೊಳಗೆ ಇರುತ್ತವೆ. ಬೀಪ್ ಬರುತ್ತದೆ. ಕಾರು ಹತ್ತಿರ ಹೋದಂತೆ ಕಲ್ಲು ಹರವಿನ ಕೆಳಗೆ ಜಾರಿಬಿಡುತ್ತದೆ. ಬೀಪ್ ನಿಲ್ಲುತ್ತದೆ. ಕಲ್ಲು ಮಾತ್ರ ಅಲ್ಲೇ ಇರುತ್ತದೆ.

ಇನ್ನೊಂದು ಕಾರಣವೂ ಇದೆ. ಸದ್ದು ಮಾಡುವ ಬಿಲ್ಲೆಯೇ ಕೇಳಿಸಿಕೊಳ್ಳುವ ಕಿವಿ. ದೇವಸ್ಥಾನದ ಗಂಟೆ ಹೊಡೆದ ಮೇಲೂ ಸ್ವಲ್ಪ ಹೊತ್ತು ಗುಂಯ್ ಅನ್ನುತ್ತಲ್ಲ, ಹಾಗೆ ಬಿಲ್ಲೆಯೂ ಒಂದು ಕ್ಷಣ ಅದುರುತ್ತಿರುತ್ತದೆ. ಅಡ್ಡಿ ತೀರಾ ಹತ್ತಿರ ಇದ್ದರೆ ಆ ಅದುರು ನಿಲ್ಲುವ ಮೊದಲೇ ಸದ್ದು ತಿರುಗಿ ಬಂದಿರುತ್ತದೆ. ಅದು ಸೆನ್ಸರ್‌ಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಸುಮಾರು 30 ಸೆಂಟಿಮೀಟರ್ ಹತ್ತಿರ ಬಂದಾಗ ಬಿಡದೆ ಪೀಂ ಅಂತ ಕೂಗುವಂತೆ ಮಾಡಿರುತ್ತಾರೆ. ಆ ಉದ್ದದ ಪೀಂ ಬಂದಾಗ ಕಾರು ನಿಲ್ಲಬೇಕು. ಇನ್ನೊಂದು ಗೇಣು ಇದೆ ಅಂತ ತಳ್ಳುತ್ತಾ ಹೋಗಬಾರದು. ಬೀಪ್ ಶುರುವಾಗಿ ನಿಂತರೂ ನಿಲ್ಲಿಸಿ, ಇಳಿದು ನೋಡಿ.

ಗೋಡೆಗೆ ಚೆನ್ನಾಗಿ ಕೂಗುತ್ತದೆ, ವೈರ್‌ಗೆ ಯಾಕೆ ಕೂಗಲ್ಲ?

ಗೋಡೆ ಅಗಲ, ನೇರ. ಸದ್ದೆಲ್ಲ ವಾಪಸ್ ಬರುತ್ತದೆ. 40 ಕಿಲೋಹರ್ಟ್ಜ್ ಸದ್ದಿನ ಒಂದು ಅಲೆಯ ಉದ್ದ 8-9 ಮಿಲಿಮೀಟರ್. ವಸ್ತು ಅಷ್ಟೇ ತೆಳ್ಳಗಿದ್ದರೆ ಅದಕ್ಕೆ ಬಡಿದು ತಿರುಗಿ ಬರುವ ಸದ್ದು ತೀರಾ ಕಮ್ಮಿ. ಕರೆಂಟ್ ಕಂಬಕ್ಕೆ ಓರೆಯಾಗಿ ಎಳೆದು ಕಟ್ಟಿರುವ ಸ್ಟೇ ವೈರ್ ಇದಕ್ಕೆ ಸರಿಯಾದ ಉದಾಹರಣೆ. ತೆಳ್ಳಗೂ ಇದೆ, ಓರೆಯಾಗೂ ಇದೆ. ನಮ್ಮ ಹಳ್ಳಿ, ಬಡಾವಣೆಗಳಲ್ಲಿ ಇಂಥ ವೈರ್ ಇಲ್ಲದ ಬೀದಿ ಇಲ್ಲ. ದೇವಸ್ಥಾನ, ಕಲ್ಯಾಣ ಮಂಟಪಗಳ ಪಾರ್ಕಿಂಗ್‌ನಲ್ಲಿ ಕಂಬದಿಂದ ಕಂಬಕ್ಕೆ ಇಳಿಬಿಟ್ಟ ಸರಪಳಿ, ತೋಟದ ಮುಳ್ಳುತಂತಿ ಬೇಲಿ, ಬಟ್ಟೆ ಒಣಗಿಸುವ ಹಗ್ಗ, ಇವೂ ಅದೇ ಗುಂಪು.

ಓರೆಯಾದ ಮೇಲ್ಮೈ ಕೂಡ ಹಾಗೆಯೇ. ಗೋಡೆಗೆ ಒರಗಿಸಿಟ್ಟ ತಗಡು, ಪ್ಲೈವುಡ್ ಹಲಗೆ ದೊಡ್ಡದಾಗಿಯೇ ಇರುತ್ತವೆ. ಆದರೆ ಸದ್ದನ್ನು ಮೇಲಕ್ಕೆ ಚಿಮ್ಮಿಸಿಬಿಡುತ್ತವೆ. ಕೇರಂ ಬೋರ್ಡಿನಲ್ಲಿ ಓರೆ ಹೊಡೆದ ಸ್ಟ್ರೈಕರ್ ನಮ್ಮ ಕಡೆಗೇ ತಿರುಗಿ ಬರುತ್ತದಾ? ಅದೇ ಲೆಕ್ಕ.

ಮೋರಿ, ಗುಂಡಿ ಇದ್ದರೆ ಹೇಳುತ್ತದಾ?

ಇಲ್ಲ. ಎದುರಿಗೆ ಇರುವುದಕ್ಕೆ ಸದ್ದು ಬಡಿಯಬಹುದು, ಇಲ್ಲದೇ ಇರುವುದಕ್ಕೆ ಬಡಿಯುವುದು ಹೇಗೆ? ಕಲ್ಲುಚಪ್ಪಡಿ ಹಾರಿಹೋದ ಮೋರಿ, ರಸ್ತೆ ಪಕ್ಕದ ಅಗೆತ, ಘಟ್ಟದ ರಸ್ತೆಯ ಅಂಚು, ಕೆರೆ ಏರಿ, ಒಂದಕ್ಕೂ ಅದು ಕೂಗುವುದಿಲ್ಲ. ಏರಿ ಮೇಲೆ ಕಾರು ತಿರುಗಿಸುವಾಗ ಸೆನ್ಸರ್ ಸುಮ್ಮನಿದೆ ಅಂದರೆ ಹಿಂದೆ ಏನೂ ಇಲ್ಲ ಅಂತಲೇ ಅರ್ಥ. ನೆಲವೂ ಇಲ್ಲದಿರಬಹುದು.

ಹಿಂದೆ ಮಗು ಬಂದರೆ ಗೊತ್ತಾಗುತ್ತದಾ?

ಕೆಲವೊಮ್ಮೆ ಗೊತ್ತಾಗುತ್ತದೆ, ಕೆಲವೊಮ್ಮೆ ಇಲ್ಲ. ಮಗುವಿನ ವಿಷಯದಲ್ಲಿ ಈ ಉತ್ತರ ಸಾಲದು, ಅಲ್ವಾ? ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಮಗುವಿನ ಮೈ ಸಣ್ಣದು, ಗೋಡೆಯ ಹಾಗೆ ಚಪ್ಪಟೆ ಅಲ್ಲ. ಹತ್ತಿ ಬಟ್ಟೆ, ಉಲ್ಲನ್ ಸ್ವೆಟರ್ ಸದ್ದನ್ನು ಹೀರಿಕೊಳ್ಳುತ್ತವೆ. ಮಗು ನೆಲದ ಮೇಲೆ ಕೂತು ಆಡುತ್ತಿದ್ದರೆ ಸೆನ್ಸರ್‌ನ ಹರವಿನ ಕೆಳಗೇ ಇರುತ್ತದೆ. ಓಡುತ್ತಾ ಬಂದರೆ ಕಾರಿನ ಪಕ್ಕದಿಂದ ಬರುತ್ತದೆ. ಅಲ್ಲಿ ಸೆನ್ಸರ್ ಇರುವುದೇ ಇಲ್ಲ.

ಅಮೆರಿಕದಲ್ಲಿ ರಿವರ್ಸ್ ತೆಗೆಯುವಾಗ ಕಾರಿಗೆ ಸಿಕ್ಕಿ ಸತ್ತ ಎರಡು ವರ್ಷದ ಮಗುವಿನ ಹೆಸರಿನಲ್ಲಿ ಒಂದು ಕಾನೂನೇ ಇದೆ. ಅದು ಜಾರಿಗೆ ಬಂದದ್ದು 2008ರಲ್ಲಿ. ಅದರ ಮೇಲೆ ನಿಯಮ ಮಾಡುವಾಗ ಅಲ್ಲಿನ ರಸ್ತೆ ಸುರಕ್ಷತೆ ಸಂಸ್ಥೆಯವರು ಸೆನ್ಸರ್‌ಗಳನ್ನೂ ಪರೀಕ್ಷೆ ಮಾಡಿದರು. ಜನರನ್ನು, ಅದರಲ್ಲೂ ಮಕ್ಕಳನ್ನು ಗುರುತಿಸುವುದರಲ್ಲಿ ಅವು ನೆಚ್ಚಿಕೊಳ್ಳುವ ಹಾಗಿಲ್ಲ ಅಂತ ಕಂಡುಬಂತು. ಬರೀ ಸೆನ್ಸರ್ ಸಾಲದು ಅಂತ ಕಂಡಮೇಲೆ, 2018ರ ಮೇ ತಿಂಗಳಿಂದ ಅಲ್ಲಿ ಹೊಸ ಕಾರುಗಳಿಗೆ ಹಿಂದಿನ ಕ್ಯಾಮೆರಾ ಕಡ್ಡಾಯ.

ಇನ್ನು ವೇಗದ ಲೆಕ್ಕ ನೋಡಿ. ಗಂಟೆಗೆ 5 ಕಿಲೋಮೀಟರ್ ಅಂದರೆ ನಡಿಗೆಯ ವೇಗ. ಅಷ್ಟರಲ್ಲೂ ಕಾರು ಒಂದು ಸೆಕೆಂಡಿಗೆ 1.4 ಮೀಟರ್ ಹಿಂದೆ ಹೋಗುತ್ತದೆ. ಸೆನ್ಸರ್ ಕೂಗಲು ಶುರು ಮಾಡುವುದೇ ಒಂದೂಕಾಲು, ಒಂದೂವರೆ ಮೀಟರ್‌ಗೆ. ಬೀಪ್ ಕೇಳಿ, ಏನು ಅಂತ ಹೊಳೆದು, ಕಾಲು ಬ್ರೇಕ್ ಮೇಲೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಕಳೆದಿರುತ್ತದೆ. ಅಂದರೆ ಸೆನ್ಸರ್ ತನ್ನ ಕೆಲಸ ಸರಿಯಾಗಿ ಮಾಡಿದರೂ ಕಾರು ಮಗುವನ್ನು ಮುಟ್ಟಿಬಿಡುತ್ತದೆ.

ನಮ್ಮ ಮನೆಯಲ್ಲಿ ಒಂದು ರೂಢಿ ಇದೆ. ಕಾರು ಹೊರಡುವಾಗ ಮಕ್ಕಳು ಕಾರಿನೊಳಗೆ ಇರಬೇಕು, ಇಲ್ಲವೇ ದೊಡ್ಡವರೊಬ್ಬರ ಕೈ ಹಿಡಿದು ಡ್ರೈವರ್ ಕಣ್ಣಿಗೆ ಕಾಣುವ ಕಡೆ ನಿಂತಿರಬೇಕು. 'ಒಳಗೆ ಇದ್ದಾರೆ ಬಿಡು' ಅನ್ನುವ ಅಂದಾಜು ಬೇಡ. ಟಾಟಾ ಮಾಡೋಕೆ ಓಡಿ ಬರುವ ಮಕ್ಕಳೂ ಸಿಕ್ಕಿಬೀಳುತ್ತಾರೆ.

ನಾಯಿ, ದನ?

ನಿಂತಿರುವ ದನಕ್ಕೆ ಸಾಮಾನ್ಯವಾಗಿ ಕೂಗುತ್ತದೆ. ಮಲಗಿರುವ ನಾಯಿಗೆ ಕೂಗುತ್ತದೆ ಅಂತ ನಂಬಬೇಡಿ. ಕಾರಿನ ಕೆಳಗೆ ಮಲಗಿದ್ದಕ್ಕಂತೂ ಕೂಗುವುದೇ ಇಲ್ಲ. ಬಿಸಿಲಿಗೆ, ಮಳೆಗೆ ಅವು ಬಂದು ಮಲಗುವುದೇ ಅಲ್ಲಿ. ಹೊರಡುವ ಮುಂಚೆ ಬಾನೆಟ್ ಮೇಲೆ ಎರಡು ಸಲ ತಟ್ಟಿ, ಬಗ್ಗಿ ನೋಡಿ.

ಮಳೆಗಾಲದಲ್ಲಿ ಹಿಂದೆ ಏನೂ ಇಲ್ಲದಿದ್ದರೂ ಸುಮ್ನೆ ಕೂಗುತ್ತದೆ. ಏನು ಮಾಡಲಿ?

ಬಿಲ್ಲೆ ಮೇಲೆ ನೀರಿನ ಹನಿ, ಕೆಸರು ಕೂತಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ. ಕೆಂಪು ಮಣ್ಣು ಒಣಗಿ ಗಟ್ಟಿಯಾಗಿದ್ದರೆ ನೀರು ಹಾಕಿ ನೆನೆಸಿ, ಆಮೇಲೆ ಒರೆಸಿ. ಉಗುರಿನಲ್ಲಿ ಕೆರೆಯಬೇಡಿ. ವಾಟರ್ ಸರ್ವೀಸ್ ಮಾಡಿಸುವಾಗ ಪ್ರೆಷರ್ ಪೈಪನ್ನು ಸೆನ್ಸರ್ ಮೇಲೆ ಹತ್ತಿರದಿಂದ ಹಿಡಿಯಬೇಡಿ ಅಂತ ಹೇಳಿ.

ಕೆಸರು ಎರಡೂ ಥರ ತೊಂದರೆ ಕೊಡುತ್ತದೆ. ಕೆಲವೊಮ್ಮೆ ಬೇಡದೆಯೂ ಕೂಗಿಸುತ್ತದೆ, ಕೆಲವೊಮ್ಮೆ ಕೂಗಬೇಕಾದಾಗ ಬಾಯಿ ಕಟ್ಟಿಬಿಡುತ್ತದೆ. ಮಲೆನಾಡು, ಕರಾವಳಿಯಲ್ಲಿ ಇರುವವರು ಜೂನ್‌ನಿಂದ ಸೆಪ್ಟೆಂಬರ್ ತನಕ ಹಿಂದಿನ ಗಾಜಿನ ಜೊತೆಗೆ ಸೆನ್ಸರ್ ಒರೆಸುವುದನ್ನೂ ರೂಢಿ ಮಾಡಿಕೊಳ್ಳಿ.

ಮಳೆ ಇಲ್ಲದಾಗಲೂ ಸುಳ್ಳು ಬೀಪ್ ಬರಬಹುದು. ಪಕ್ಕದಲ್ಲಿ ಬಸ್ಸೋ ಲಾರಿಯೋ ಏರ್ ಬ್ರೇಕ್ ಬಿಟ್ಟಾಗ ಬರುವ ಬುಸ್ ಸದ್ದಿನಲ್ಲಿ ನಮ್ಮ ಕಿವಿಗೆ ಕೇಳದ ಸದ್ದೂ ಸೇರಿರುತ್ತದೆ. ಪಕ್ಕದ ಕಾರಿನ ಸೆನ್ಸರ್ ಸದ್ದು ನಿಮ್ಮ ಸೆನ್ಸರ್‌ಗೆ ಕೇಳಿಸಬಹುದು. ಎತ್ತರದ ಹುಲ್ಲಿಗೂ ಕೂಗುತ್ತದೆ. ಇಂಥ ಸುಳ್ಳು ಬೀಪ್‌ಗಳಿಂದ ಆಗುವ ದೊಡ್ಡ ನಷ್ಟ ಅಂದರೆ, ನಾವು ಬೀಪನ್ನೇ ಲೆಕ್ಕಕ್ಕಿಡದೆ ಹೋಗುತ್ತೇವೆ. 'ಇದು ಯಾವಾಗಲೂ ಹೀಗೇ' ಅನ್ನುವ ಮಾತು ನಿಮ್ಮ ಬಾಯಲ್ಲಿ ಬಂದರೆ ಅವತ್ತೇ ಸರಿ ಮಾಡಿಸಿ.

ಅಪಾರ್ಟ್‌ಮೆಂಟ್ ಬೇಸ್‌ಮೆಂಟ್ ರ‍್ಯಾಂಪ್ ಹತ್ತಿರ ಯಾಕೆ ಕೂಗುತ್ತದೆ?

ಹಿಂದೆ ಏರು ಇದ್ದರೆ ನೆಲವೇ ಅದಕ್ಕೆ ಗೋಡೆಯ ಹಾಗೆ ಸಿಗುತ್ತದೆ. ಡಿಕ್ಕಿ ತುಂಬ ಲಗೇಜು ಇದ್ದು ಕಾರಿನ ಹಿಂಭಾಗ ಕುಗ್ಗಿದ್ದರೂ ನೆಲಕ್ಕೆ ಕೂಗಬಹುದು. ಬೇಸ್‌ಮೆಂಟ್‌ನಲ್ಲಿ ನಾನು ಜಾಸ್ತಿ ಹೆದರುವುದು ಪಿಲ್ಲರ್‌ಗೆ. ಚಕ್ರ ತಿರುಗಿಸಿ ರಿವರ್ಸ್ ತೆಗೆಯುವಾಗ ಪಿಲ್ಲರ್ ಉಜ್ಜುವುದು ಕಾರಿನ ಪಕ್ಕಕ್ಕೆ, ಮುಂದಿನ ಬಂಪರ್ ಮೂಲೆಗೆ. ಹಿಂದಿನ ಸೆನ್ಸರ್‌ಗೂ ಅದಕ್ಕೂ ಸಂಬಂಧವೇ ಇಲ್ಲ.

ದಿಬ್ಬದಲ್ಲಿ ಕಾರು ತಾನಾಗಿ ಹಿಂದೆ ಜಾರಿತು. ಸೆನ್ಸರ್ ಕೂಗಲಿಲ್ಲ.

ಸಾಮಾನ್ಯವಾಗಿ ರಿವರ್ಸ್ ಗೇರ್ ಹಾಕಿದರೆ ಮಾತ್ರ ಅದಕ್ಕೆ ಜೀವ. ನ್ಯೂಟ್ರಲ್‌ನಲ್ಲಿ, ಫಸ್ಟ್ ಗೇರ್‌ನಲ್ಲಿ ಕ್ಲಚ್ ಒತ್ತಿಕೊಂಡು ಜಾರಿದರೆ ಅದು ಮಲಗಿಯೇ ಇರುತ್ತದೆ. ಮಡಿಕೇರಿಯಂಥ ಏರಿಳಿತದ ಊರಿನಲ್ಲಿ ಟ್ರಾಫಿಕ್‌ನಲ್ಲಿ ನಿಂತಾಗ ಹ್ಯಾಂಡ್ ಬ್ರೇಕ್ ಒಂದೇ ಗತಿ.

ಹಳೇ ಕಾರಿಗೆ ಹೊರಗಡೆ ಸೆನ್ಸರ್ ಹಾಕಿಸಬಹುದಾ? ಎರಡು ಸಾಕಾ, ನಾಲ್ಕು ಬೇಕಾ?

ಹಾಕಿಸಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕಿನ ಆಕ್ಸೆಸರೀಸ್ ಅಂಗಡಿ ತನಕ ಎಲ್ಲ ಕಡೆ ಹಾಕಿಕೊಡುತ್ತಾರೆ. ನಾಲ್ಕೇ ಹಾಕಿಸಿ. ಎರಡೇ ಇದ್ದರೆ ಬಂಪರ್ ಮೂಲೆಗಳು ಬಿಟ್ಟುಹೋಗುತ್ತವೆ, ಸ್ಕೂಟರ್ ಹ್ಯಾಂಡಲ್ ತಗುಲುವುದು ಅಲ್ಲೇ.

ಹಾಕಿಸುವಾಗ ಪಕ್ಕದಲ್ಲಿ ನಿಂತು ನೋಡಿ. ಎಷ್ಟೋ ಸೆನ್ಸರ್‌ಗಳ ಹಿಂಬದಿಯಲ್ಲಿ 'ಈ ಕಡೆ ಮೇಲೆ' ಅಂತ ಗುರುತು ಇರುತ್ತದೆ. ತಲೆಕೆಳಗಾಗಿ ಕೂರಿಸಿದರೆ ನೆಲಕ್ಕೆ ಕೂಗುತ್ತಾ ಇರುತ್ತದೆ. ಕಾರಿನ ಬಣ್ಣಕ್ಕೆ ಹೊಂದಲಿ ಅಂತ ಬಿಲ್ಲೆಗೆ ದಪ್ಪ ಪೇಂಟ್ ಹೊಡೆದರೆ ಅದು ಸರಿಯಾಗಿ ಅದುರುವುದಿಲ್ಲ. ಬಂಪರ್‌ಗೆ ಪೆಟ್ಟು ಬಿದ್ದು ಟಿಂಕರಿಂಗ್, ಪೇಂಟಿಂಗ್ ಮಾಡಿಸಿದ ಮೇಲೂ ಸೆನ್ಸರ್ ಕೆಲಸ ನೋಡಿಯೇ ಗಾಡಿ ತಗೊಳ್ಳಿ. ಸೆನ್ಸರ್ ಮುಂದೆ ಕಬ್ಬಿಣದ ಗಾರ್ಡ್ ಕೂರಿಸಿದ್ದರೆ ಅದು ಆ ಗಾರ್ಡಿಗೇ ಕೂಗುತ್ತದೆ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಕ್ರ್ಯಾಶ್ ಗಾರ್ಡ್‌ಗಳ ಮೇಲೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿತ್ತು. ತೆಗೆಸಿಬಿಡಿ.

ಕ್ಯಾಮೆರಾ ಇದೆ. ಇನ್ನು ಸೆನ್ಸರ್ ಯಾಕೆ?

ಎರಡೂ ಇರಲಿ. ಮೋರಿ, ವೈರ್, ಕೂತಿರುವ ಮಗು, ಇವು ಕ್ಯಾಮೆರಾದಲ್ಲಿ ಕಾಣುತ್ತವೆ. ಕತ್ತಲು, ಲೆನ್ಸ್ ಮೇಲಿನ ಹನಿ, ಎದುರು ಬಿಸಿಲು ಕ್ಯಾಮೆರಾವನ್ನು ಕುರುಡು ಮಾಡುತ್ತವೆ, ಸೆನ್ಸರ್‌ಗೆ ಕತ್ತಲು ಬೆಳಕು ಎರಡೂ ಒಂದೇ. ಆದರೆ ಪರದೆಯನ್ನೇ ನೋಡುತ್ತಾ ಕೂರಬೇಡಿ. ಎರಡು ಕಡೆಯ ಕನ್ನಡಿ, ಭುಜದ ಮೇಲಿಂದ ಒಂದು ನೋಟ, ಆಮೇಲೆ ಪರದೆ.

ನನ್ನ ಕಾರಿನ ಸೆನ್ಸರ್ ಏನನ್ನು ಹಿಡಿಯುತ್ತದೆ, ಏನನ್ನು ಬಿಡುತ್ತದೆ ಅಂತ ತಿಳಿಯೋದು ಹೇಗೆ?

ಒಂದು ಭಾನುವಾರ ಅರ್ಧ ಗಂಟೆ ಕೊಡಿ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ. ಇಂಜಿನ್ ಆಫ್ ಇರಲಿ. ಚಕ್ರಕ್ಕೆ ಕಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಹಾಕಿ. ಒಬ್ಬರು ಸೀಟಿನಲ್ಲಿ ಕೂತು, ಬ್ರೇಕ್ ಮೇಲೆ ಕಾಲಿಟ್ಟು, ಇಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ ರಿವರ್ಸ್ ಗೇರ್ ಹಾಕಲಿ. ಕೆಲವು ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಹಾಕಿದ್ದರೆ ಸೆನ್ಸರ್ ಕೂಗುವುದಿಲ್ಲ. ಆಗ ಕಲ್ಲು, ಕಾಲಿನ ಬ್ರೇಕ್ ಎರಡನ್ನೂ ಗಟ್ಟಿ ಮಾಡಿಕೊಂಡು ಅದನ್ನು ಇಳಿಸಿ. ಇನ್ನೊಬ್ಬರು ಹಿಂದೆ ಸೀಮೆಸುಣ್ಣದಲ್ಲಿ ಅಡಿಗೊಂದು ಗೆರೆ ಎಳೆದು, ಒಂದೊಂದೇ ವಸ್ತುವನ್ನು ದೂರದಿಂದ ಹತ್ತಿರಕ್ಕೆ ತರಲಿ.

ನನ್ನ ಕಾರಿನಲ್ಲಿ ಹೀಗಾಯಿತು. ನೀರಿನ ಡ್ರಮ್ಮಿಗೆ ನಾಲ್ಕು ಅಡಿಯಿಂದಲೇ ಕೂಗಿತು. ಸ್ಟೀಲ್ ಬಕೆಟ್ಟಿಗೆ ಮೂರು ಅಡಿಯಲ್ಲಿ ಕೂಗಿ ಎರಡು ಅಡಿಗೆ ಬರುವಷ್ಟರಲ್ಲಿ ನಿಂತಿತು. ನೇರ ನಿಲ್ಲಿಸಿದ ಪ್ಲೈವುಡ್ಡಿಗೆ ಜೋರಾಗಿ ಕೂಗಿತು, ಅದನ್ನೇ ಹಿಂದಕ್ಕೆ ಓರೆ ಮಾಡಿದ ಕೂಡಲೇ ಸುಮ್ಮನಾಯಿತು. ಪೊರಕೆ ಕಡ್ಡಿಗೆ ಒಮ್ಮೆ ಕೂಗಿತು, ಒಮ್ಮೆ ಇಲ್ಲ. ಪ್ಲಾಸ್ಟಿಕ್ ಕುರ್ಚಿ ಮೇಲೆ ಕಂಬಳಿ ಹೊದಿಸಿಟ್ಟರೆ ಎರಡು ಅಡಿ ತನಕ ಸದ್ದೇ ಇಲ್ಲ. ನನ್ನ ಹೆಂಡತಿ ಆ ಕುರ್ಚಿಯನ್ನು ನೋಡುತ್ತಾ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಅದು ಸರಿಯಾಗಿ ನಮ್ಮ ಮಗನ ಎತ್ತರ ಇತ್ತು.

ನಿಮ್ಮ ಕಾರಿನಲ್ಲಿ ಅಳತೆ ಬೇರೆ ಬರುತ್ತದೆ. ಮನೆಯಲ್ಲಿ ಕಾರು ಓಡಿಸುವವರೆಲ್ಲರನ್ನೂ ಒಮ್ಮೊಮ್ಮೆ ಸೀಟಿನಲ್ಲಿ ಕೂರಿಸಿ ಕೇಳಿಸಿ.

ಹಿಂದೆ ನಿಂತು 'ಬರ್ಲಿ ಬರ್ಲಿ' ಅನ್ನುವವರು ಇದ್ದರೆ ಸಾಕಲ್ಲ?

ಸೆನ್ಸರ್‌ಗಿಂತ ಒಳ್ಳೆಯದು, ಅವರು ಸರಿಯಾದ ಜಾಗದಲ್ಲಿ ನಿಂತಿದ್ದರೆ. ಕಾರಿಗೂ ಗೋಡೆಗೂ ನಡುವೆ ನಿಲ್ಲುವುದು ಬೇಡವೇ ಬೇಡ. ಡ್ರೈವರ್ ಕಡೆಯ ಕನ್ನಡಿಯಲ್ಲಿ ಅವರ ಮುಖ ಕಾಣುವ ಹಾಗೆ, ಕಾರಿನ ದಾರಿ ಬಿಟ್ಟು, ಓರೆಯಾಗಿ ಹಿಂದೆ ನಿಲ್ಲಲಿ. ಮುಖ ಕನ್ನಡಿಯಿಂದ ಮರೆಯಾದರೆ ನೀವು ಕಾರು ನಿಲ್ಲಿಸಬೇಕು. ಕಿಟಕಿ ಇಳಿಸಿ, ಹಾಡು ಬಂದ್ ಮಾಡಿ. 'ಬರ್ಲಿ' ಅಂತ ಕೂಗುತ್ತಿದ್ದವರು ಫೋನ್ ಬಂತು ಅಂತ ಮಾತು ನಿಲ್ಲಿಸಿದರೂ ನಿಲ್ಲಿಸಿ. ಅವರು ಮತ್ತೆ 'ಬರ್ಲಿ' ಅಂದಮೇಲೆಯೇ ಕ್ಲಚ್ ಬಿಡಿ.